ಒಡೆದ ಧ್ವನಿವರ್ಧಕವೂ ಜೀರ್ಣೋದ್ಧಾರದ ಧರ್ಮವೂ

ಕೆಟ್ಟುಹೋದ ವಸ್ತುವನ್ನು ಸರಿಪಡಿಸಿ ಇಟ್ಟುಕೊಳ್ಳಬೇಕೋ, ಅದನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಹೊಸದನ್ನು ತರಬೇಕೋ ಎಂಬ ಪ್ರಶ್ನೆಯು ಗೃಹಸ್ಥರಿಗೆ ಹೊಸದಲ್ಲ. ಬಹುತರವಾಗಿ ಇದು ಕಿಸೆಯ ಪ್ರಶ್ನೆಯೇ ಹೊರತು ಧರ್ಮದ ಪ್ರಶ್ನೆಯಲ್ಲ. ಕೊಡೆಯ ಕಡ್ಡಿ ಮುರಿದಾಗ, ಕಂದೀಲಿನ ಗಾಜು ಒಡೆದಾಗ ಯಾರೂ ಶಾಸ್ತ್ರಗ್ರಂಥಗಳನ್ನು ತೆರೆದು ಕೂಡ್ರುವದಿಲ್ಲ. ಆದರೆ ಒಂದು ವಸ್ತುವಿನೊಡನೆ ಒಬ್ಬ ಮನುಷ್ಯನ ನೆನಪು ಬೆರೆತುಕೊಂಡಿದ್ದರೆ, ಮೇಲಾಗಿ ಆ ವಸ್ತುವು ಧ್ವನಿಯನ್ನು ಕೊಡುವಂಥದಾಗಿದ್ದರೆ, ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಸರಿಪಡಿಸಿದ ಮೇಲೆ ಇದು ಅದೇ ವಸ್ತುವೋ ಎಂಬ ಸಂಶಯವೂ, ಅದೇ ಅಲ್ಲವಾದರೆ ಸರಿಪಡಿಸಿದ್ದರಿಂದ ಯಾರಿಗೆ ಏನು ಸಂದಂತಾಯಿತು ಎಂಬ ಸಂಶಯವೂ ಬೆನ್ನುಬೆನ್ನಿಗೆ ಬರುತ್ತವೆ. ಮನೆಯಲ್ಲಿ ಹಾಡು ಕೇಳುವ ಸಲುವಾಗಿ ಇಟ್ಟುಕೊಂಡ ಸ್ಟೀರಿಯೋ ಯಂತ್ರದ ಸ್ಪೀಕರ ಒಡೆದಾಗ ಹುಟ್ಟುವ ಪ್ರಶ್ನೆಯು ಇಂಥದೇ.

ಕುಂದಗೋಳದಲ್ಲಿ ಈ ಪ್ರಶ್ನೆಗೆ ಇತರ ಊರುಗಳಿಗಿಂತ ತುಸು ಹೆಚ್ಚಿನ ತೂಕವುಂಟು. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದು, ಈಗ ಧಾರವಾಡ ಜಿಲ್ಲೆಯ ತಾಲೂಕಿನ ಸ್ಥಳವಾಗಿರುವ ಈ ಊರು ತನ್ನ ಎರೆಯ ಹೊಲಗಳಿಗಿಂತಲೂ ಸಂಗೀತದಿಂದಲೇ ದೂರದವರಿಗೆ ಪರಿಚಿತವಾಯಿತು. ಉಸ್ತಾದ ಅಬ್ದುಲ್ ಕರೀಮಖಾನರ ಶಿಷ್ಯರೂ ಸವಾಯಿ ಗಂಧರ್ವರೆಂದು ಪ್ರಖ್ಯಾತರೂ ಆದ ರಾಮಭಾವೂ ಕುಂದಗೋಳಕರರು (1886–1952) ಈ ಊರಿನ ಹೆಸರನ್ನೇ ಹೊತ್ತವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಅವರಲ್ಲಿ ಕಲಿತರು. ಭೀಮಸೇನ ಜೋಶಿಯವರು ಹುಡುಗರಾಗಿದ್ದಾಗ ಗುರುಗೃಹದಲ್ಲಿಯೇ ಉಳಿದು ಕಲಿತರು. ಆ ಗುರುಗಳ ಸ್ಮರಣೆಗಾಗಿ ಇಲ್ಲಿಯ ನಾಡಗೀರರ ವಾಡೆಯಲ್ಲಿ ಅಹೋರಾತ್ರಿ ಸಂಗೀತವು ನಡೆದುಬಂದ ಸಂಗತಿಯು ವಾಚಕರಿಗೆ ವಿದಿತವೇ ಇದೆ. ಅಂಥ ಊರಿನಲ್ಲಿ ಹಾಡು ಕೇಳುವ ಪೆಟ್ಟಿಗೆಯು ಪಡಸಾಲೆಯ ಅಲಂಕಾರ ಮಾತ್ರವಾಗಿರುವದಿಲ್ಲ.

ಇಂಥ ಊರಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ತಂದೆಯು 1985ರ ಸುಮಾರಿಗೆ ಕಷ್ಟಪಟ್ಟು ಕೊಂಡು ತಂದ ಎರಡು ಸ್ಪೀಕರ ಪೆಟ್ಟಿಗೆಗಳು ಪಡಸಾಲೆಯ ಎರಡು ಮೂಲೆಗಳಲ್ಲಿವೆ. ಆತನು ಪ್ರತಿದಿನ ಬೆಳಗಿನ ಹೊತ್ತು ಅವುಗಳ ಮುಂದೆ ಕುಳಿತು ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತಿದ್ದನು. ಈಗ ತಂದೆಯಿಲ್ಲ, ಪೆಟ್ಟಿಗೆಗಳಿವೆ. ಒಂದು ದಿವಸ ಮನೆಯ ಮದುವೆಯ ಗದ್ದಲದಲ್ಲಿ ಬಂಧುಗಳಾರೋ ಯಂತ್ರದ ಗುಂಡಿಯನ್ನು ಕೊನೆಯ ವರೆಗೆ ತಿರುವಿದರು. ಬಲಗಡೆಯ ಪೆಟ್ಟಿಗೆಯು ಮೊದಲು ಕೆರೆದಂತೆ ಕರಕರ ಸದ್ದು ಮಾಡಿ, ಬಳಿಕ ಸುಟ್ಟ ವಾಸನೆಯನ್ನು ಬಿಟ್ಟು ಸುಮ್ಮನಾಯಿತು. ಹಿರಿಯ ಮಗನು ಹುಬ್ಬಳ್ಳಿಗೆ ಒಯ್ದು ದುರಸ್ತಿ ಮಾಡಿಸೋಣವೆನ್ನುತ್ತಾನೆ. ಕಿರಿಯನು ಎರಡನ್ನೂ ತೆಗೆದು ಹೊಸ ಜೋಡಿಯನ್ನು ತರೋಣವೆನ್ನುತ್ತಾನೆ. ತಾಯಿಯು ಇಬ್ಬರ ಮಾತನ್ನೂ ಕೇಳಿ ಇಷ್ಟೇ ಅನ್ನುತ್ತಾಳೆ: "ಪೆಟಗಿ ಯಾವುದರ ಇರಲಿ, ನಿಮ್ಮ ಅಪ್ಪಾರು ಕೇಳತಿದ್ದ ಹಾಡು ಅವರು ಕೇಳತಿದ್ದಂಗ ಕೇಳಬೇಕು."

ಈ ಮೂವರ ಮಾತುಗಳನ್ನು ತೂಗಿ ನೋಡುವ ಮೊದಲು ಒಡೆದದ್ದು ಏನೆಂಬದನ್ನು ತಿಳಿಯುವದು ಅವಶ್ಯವು. ಇಂದು ಮನೆಮನೆಗಳಲ್ಲಿರುವ ಸ್ಪೀಕರಿನ ರಚನೆಯು 1925ರಲ್ಲಿ ಅಮೇರಿಕೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಯಂತ್ರಜ್ಞರು ಪ್ರಕಟಿಸಿದ ರಚನೆಯನ್ನೇ ಮುಖ್ಯವಾಗಿ ಅನುಸರಿಸಿದೆ. ಹಿಂದುಗಡೆ ಒಂದು ಬಲವಾದ ಅಯಸ್ಕಾಂತ. ಅದರ ಸಂದಿನಲ್ಲಿ ಸಣ್ಣ ತಂತಿಯನ್ನು ಸುತ್ತಿದ ಒಂದು ಹಗುರಾದ ಕೊಳವೆ, ಇದನ್ನೇ ಕಾಯಿಲ್ ಎನ್ನುವರು. ಆ ಕೊಳವೆಗೆ ಅಂಟಿಸಿದ ಕಾಗದದ ಶಂಕು, ಇದು ಕೋನ್. ಹಾಡಿನ ವಿದ್ಯುತ್ತು ಕಾಯಿಲಿನಲ್ಲಿ ಹರಿದಾಗ ಅಯಸ್ಕಾಂತವು ಅದನ್ನು ಹಿಂದೆ ಮುಂದೆ ತಳ್ಳುವದು. ಕೋನ್ ಅದರೊಡನೆ ಅಲುಗಿ ಗಾಳಿಯನ್ನು ನಡುಗಿಸುವದು. ಸಂದು ಬಹಳ ಇಕ್ಕಟ್ಟಾದದ್ದು. ಕಾಯಿಲ್ ತುಸು ಓರೆಯಾದರೂ ಗೋಡೆಗೆ ತಗುಲಿ ಕೆರೆಯುವದು. ಕೋನಿನ ಅಂಚಿನಲ್ಲಿ ಬಟ್ಟೆ, ರಬ್ಬರು, ಇಲ್ಲವೆ ಸ್ಪಂಜಿನಂಥ ಫೋಮಿನ ಒಂದು ಬಳೆಯಿರುವದು. ಫೋಮಿನ ಬಳೆಯು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಗಾಳಿಯ ತೇವಕ್ಕೂ ಬಿಸಿಲಿಗೂ ಸೊರಗಿ, ಬೆರಳು ತಾಕಿದರೆ ಪುಡಿಯಾಗುವದು. ಇದಕ್ಕೆ ಯಾರ ತಪ್ಪೂ ಬೇಕಿಲ್ಲ, ಕಾಲವೇ ಸಾಕು. ಕಾಯಿಲ್ ಸುಡುವದು ಮಾತ್ರ ಮನುಷ್ಯನ ಕೈಯಿಂದ. ವರ್ಧಕಯಂತ್ರವನ್ನು ಅದರ ಶಕ್ತಿಗೆ ಮೀರಿ ತಿರುವಿದಾಗ ನಾದದ ಅಲೆಗಳ ತಲೆಯು ಕತ್ತರಿಸಿದಂತಾಗಿ, ವಿಕೃತವಾದ ವಿದ್ಯುತ್ತು ಹರಿದು ಕಾಯಿಲನ್ನು ಕಾಯಿಸುವದು. ಆದ್ದರಿಂದಲೇ ಸಣ್ಣ ಶಕ್ತಿಯ ಯಂತ್ರವೂ ದೊಡ್ಡ ಸ್ಪೀಕರನ್ನು ಸುಡಬಲ್ಲದು. ಪರೀಕ್ಷೆಯು ಸುಲಭವಾದದ್ದು. ತಂತಿಯನ್ನು ಬಿಡಿಸಿ ಒಂದೂವರೆ ವೋಲ್ಟಿನ ಬ್ಯಾಟರಿ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಜೀವವಿರುವ ಸ್ಪೀಕರ ಕಟ್ಟೆಂದು ಸದ್ದು ಮಾಡುವದು. ಮೀಟರು ಹಚ್ಚಿದರೆ 8 ಓಮಿನ ಸ್ಪೀಕರಿನಲ್ಲಿ 6ರಿಂದ 7ರ ವರೆಗೆ ತೋರಿಸುವದು. ಸುಟ್ಟು ಕಡಿದ ಕಾಯಿಲ್ ಏನನ್ನೂ ತೋರಿಸದು. ದುರಸ್ತಿಗಾರನು ಸುಟ್ಟ ಕಾಯಿಲ್, ಕೋನ್, ಅಂಚಿನ ಬಳೆ ಎಲ್ಲವನ್ನೂ ಕೊಯ್ದು ತೆಗೆದು, ಸಂದನ್ನು ಸ್ವಚ್ಛಮಾಡಿ, ಹೊಸದನ್ನು ನಡುಮಧ್ಯದಲ್ಲಿ ನಿಲ್ಲಿಸಿ ಅಂಟಿಸುತ್ತಾನೆ. ಉಳಿಯುವವು ಅಯಸ್ಕಾಂತ, ಕಬ್ಬಿಣದ ಬುಟ್ಟಿ, ಮರದ ಪೆಟ್ಟಿಗೆ, ಇಷ್ಟೇ.

ಈಗ ಕಿರಿಯ ಮಗನ ಪಕ್ಷವನ್ನು ನೋಡಬೇಕು. ಅದು ಹಗುರಾದ ಪಕ್ಷವಲ್ಲ. ನಾದವನ್ನು ಕೊಡುವ ಭಾಗವೆಲ್ಲ ಹೋಗಿ ಬೇರೆ ಬಂದ ಮೇಲೆ ತಂದೆಯ ಸ್ಪೀಕರ ಎಲ್ಲಿ ಉಳಿಯಿತು ಎಂದು ಅವನು ಕೇಳುತ್ತಾನೆ. ಅವನು ತರ್ಕವನ್ನು ಓದಿರಲಿಕ್ಕಿಲ್ಲ. ಆದರೆ ಅವನ ಬೆನ್ನಿಗೆ ಕಣಾದರ ಮತವು ನಿಂತಿದೆ. ಅವಯವಗಳಿಂದ ಬೇರೆಯಾದ ಅವಯವಿಯೊಂದುಂಟೆಂದು ಒಪ್ಪುವ ಆ ಮತದವರು, ಅವಯವಗಳ ಸಂಯೋಗವು ಕಡಿದಾಗ ಹಳೆಯ ಅವಯವಿಯು ನಾಶವಾಗಿ ಹೊಸದೊಂದು ಹುಟ್ಟುವದೆಂದೇ ಹೇಳುತ್ತಾರೆ. ವಸ್ತ್ರದಿಂದ ಕೆಲವು ಎಳೆಗಳನ್ನು ತೆಗೆದರೆ ಉಳಿದದ್ದು ಮೊದಲಿನ ವಸ್ತ್ರವಲ್ಲ, ಖಂಡಪಟವೆಂಬ ಬೇರೆ ವಸ್ತ್ರವು. ಆವಿಗೆಯಲ್ಲಿಟ್ಟ ಹಸಿಯ ಗಡಿಗೆಯು ಪರಮಾಣುಗಳ ವರೆಗೆ ಬಿಚ್ಚಿಹೋಗಿ ಕೆಂಪು ಗಡಿಗೆಯಾಗಿ ಮರಳಿ ಹುಟ್ಟುವದೆಂದು ಹೇಳುವ ವರೆಗೆ ಅವರು ಹೋಗಿದ್ದಾರೆ. ಬೌದ್ಧರಂತೂ ಇನ್ನೂ ನಿಷ್ಠುರರು. 'ಅದೇ ಇದು' ಎಂಬ ಗುರುತು ಬಹಳ ಸಲ ಸಾದೃಶ್ಯದಿಂದ ಹುಟ್ಟಿದ ಭ್ರಮೆಯೆಂದು ತೋರಿಸಲಿಕ್ಕೆ ಅವರು ದೀಪದ ಜ್ವಾಲೆಯನ್ನೂ, ಕತ್ತರಿಸಿದ ಮೇಲೆ ಬೆಳೆದ ಕೂದಲನ್ನೂ ಉದಾಹರಿಸುತ್ತಾರೆ. ಸಂಜೆ ಹಚ್ಚಿದ ದೀಪವೇ ನಡುರಾತ್ರಿಯಲ್ಲಿಯೂ ಉರಿಯುತ್ತಿದೆ ಎಂದು ಜನರು ಅನ್ನುವರು. ಜ್ವಾಲೆಯು ಕ್ಷಣಕ್ಷಣಕ್ಕೂ ಬೇರೆಯೇ. ಹೀಗಿರಲು ಹಳೆಯ ಪೆಟ್ಟಿಗೆಯಲ್ಲಿ ಹೊಸ ನಾಲಗೆಯನ್ನಿಟ್ಟು ಅದನ್ನು ತಂದೆಯದೆಂದು ಕರೆಯುವದು ಮನಸ್ಸಿಗೆ ತಾನೇ ಮಾಡಿಕೊಳ್ಳುವ ವಂಚನೆಯಲ್ಲವೇ?

ಹಿರಿಯ ಮಗನ ಕಡೆಯಿಂದ ಉತ್ತರವು ಇದೆ. ಕುಂದಗೋಳದಲ್ಲಿ ತಂಬೂರಿಯನ್ನು ನೋಡದವರಿಲ್ಲ. ಮಿರಜಿನ ಕಾರಾಗಿರರು ಮಾಡಿದ ತಂಬೂರಿಯ ತಂತಿಗಳು ಹರಿಯುತ್ತಲೇ ಇರುತ್ತವೆ. ಬೇರೆ ತಂತಿ ಕಟ್ಟುತ್ತಲೇ ಇರುತ್ತಾರೆ. ಕುದುರೆಯು ತಂತಿಯ ಉಜ್ಜಾಟದಿಂದ ಸವೆದಾಗ ಅದನ್ನು ಕೆರೆದು ಜವಾರಿಯನ್ನು ಮತ್ತೆ ತೆರೆಸುವರು. ನಾದವು ಹುಟ್ಟುವದು ತಂತಿಯಲ್ಲಿ, ಅರಳುವದು ಜವಾರಿಯಲ್ಲಿ. ಎರಡೂ ಬದಲಾದರೂ 'ಗುರುಗಳ ತಂಬೂರಿ' ಎಂಬ ಮಾತು ಯಾರ ಬಾಯಲ್ಲಿಯೂ ಬದಲಾಗುವದಿಲ್ಲ. ಇನ್ನೂ ದೊಡ್ಡ ಉದಾಹರಣೆಯು ಪುರಿಯ ಜಗನ್ನಾಥನದು. ಅಲ್ಲಿ ನವಕಲೇವರವೆಂಬ ವಿಧಿಯಲ್ಲಿ ಹಳೆಯ ದಾರುಮೂರ್ತಿಗಳನ್ನು ಬಿಟ್ಟು ಹೊಸ ಬೇವಿನ ಮರದ ಮೂರ್ತಿಗಳನ್ನು ಮಾಡುವರು. ಈಚೆಗೆ 1996 ಹಾಗೂ 2015ರಲ್ಲಿ ಇದು ನಡೆಯಿತು. ಕಣ್ಣು ಕಟ್ಟಿಕೊಂಡ, ಕೈಗೆ ಬಟ್ಟೆ ಸುತ್ತಿಕೊಂಡ ದೈತಪತಿಗಳು ಹಳೆಯ ಮೂರ್ತಿಯೊಳಗಿನ ಬ್ರಹ್ಮಪದಾರ್ಥವನ್ನು ಹೊಸದಕ್ಕೆ ಸಾಗಿಸುವರು. ಮರವೆಲ್ಲ ಬದಲಾಯಿತು, ಜಗನ್ನಾಥನು ಬೇರೆಯಾದನೆಂದು ಯಾವ ಯಾತ್ರಿಕನೂ ಅನ್ನಲಿಲ್ಲ.

ಈ ಉತ್ತರವು ಚೆನ್ನಾಗಿ ಕೇಳಿಸುತ್ತದೆಯಾದರೂ ಅದರಲ್ಲಿ ಒಂದು ತೊಡಕುಂಟು. ಪುರಿಯಲ್ಲಿ ಉಳಿಯುವ ಪದಾರ್ಥವು ಸಾರಭೂತವಾದದ್ದೆಂದು ಎಲ್ಲರ ನಂಬಿಗೆಯು. ಸ್ಪೀಕರಿನಲ್ಲಿ ಉಳಿಯುವದು ಅಯಸ್ಕಾಂತವು. ಅದು ಬಲವುಳ್ಳದ್ದು ನಿಜ, ಆದರೆ ಅದಕ್ಕೆ ದನಿಯಿಲ್ಲ. ದನಿಯಿದ್ದದ್ದು ಕಾಗದದ ಕೋನಿಗೆ. ಅದೇ ಕಸದ ಬುಟ್ಟಿಗೆ ಹೋಗುವದು. ತಂಬೂರಿಯ ಮಾತಾದರೂ ಹೀಗಲ್ಲ. ತಂತಿಯು ಹರಿಯಲಿಕ್ಕಾಗಿಯೇ ಕಟ್ಟಿದ್ದು. ಮಾಡಿದವನ ಸಂಕಲ್ಪದಲ್ಲಿಯೇ ಅದರ ಬದಲಾವಣೆಯು ಸೇರಿದೆ. ಗಾಡಿಯ ಗಾಲಿಗೆ ಹಳಿ, ನೇಗಿಲಿಗೆ ಕುಳ, ಇವೂ ಅದೇ ಜಾತಿಯವು. ಕೋನನ್ನು ಅಂಟಿನಿಂದ ಬಿಗಿದು ಮುಚ್ಚಿದವನು ಅದನ್ನು ಬದಲಿಸಬೇಕೆಂದು ಎಣಿಸಿದ್ದನೋ ಇಲ್ಲವೋ ಹೇಳುವದು ಕಠಿಣ. ಈ ಕಡೆಯ ಮನೆಗಳಲ್ಲಿ ಹೊಲಿಯುವ ಕೌದಿಯಾದರೋ ಇದರ ಸರಿವಿರುದ್ಧ ಮಾದರಿಯು: ಅಜ್ಜಿಯ ಸೀರೆ, ಮೊಮ್ಮಗನ ಅಂಗಿ, ಎಲ್ಲ ಅವಯವಗಳೂ ಹಳೆಯವು, ಅವಯವಿಯು ಮಾತ್ರ ಹೊಸದು. ಕೌದಿಯನ್ನು ಹೊದ್ದವರಿಗೆ ಅಜ್ಜಿಯು ನೆನಪಾಗುವಳು. ಆದುದರಿಂದ ನೆನಪು ಅವಯವದಲ್ಲಿಯೂ ನಿಲ್ಲಬಲ್ಲದು, ಅವಯವಿಯಲ್ಲಿಯೂ ನಿಲ್ಲಬಲ್ಲದು. 'ಅದೇಯೋ ಅಲ್ಲವೋ' ಎಂಬ ಚರ್ಚೆಯು ಎಷ್ಟು ಬೆಳೆದರೂ ಮನೆಯವರು ಮಾಡಬೇಕಾದ ಕಾರ್ಯವನ್ನು ನಿರ್ಣಯಿಸಿಕೊಡುವದಿಲ್ಲ. ನೈಯಾಯಿಕರನ್ನು ಇಲ್ಲಿಗೆ ನಮಸ್ಕರಿಸಿ ಬಿಟ್ಟು ಮೀಮಾಂಸಕರ ಬಾಗಿಲಿಗೆ ಹೋಗುವದು ಒಳಿತು. ಅವರು ವಸ್ತುವಿನ ಸ್ವರೂಪಕ್ಕಿಂತ ಕರ್ತವ್ಯವನ್ನು ಮುಂದಿಟ್ಟುಕೊಂಡು ವಿಚಾರ ಮಾಡುವ ಜನ.

ಜೈಮಿನಿಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪ್ರತಿನಿಧಿಯ ವಿಚಾರವು ಬರುತ್ತದೆ. ಯಾಗಕ್ಕೆ ವಿಧಿಸಿದ ವ್ರೀಹಿಯು ಸಿಗದಿದ್ದರೆ, ಅಥವಾ ನಡುವೆ ಕೆಟ್ಟುಹೋದರೆ, ಯಾಗವನ್ನು ಬಿಡತಕ್ಕದ್ದಲ್ಲ. ಅದಕ್ಕೆ ಸಮೀಪವಾದ ನೀವಾರವನ್ನು, ಎಂದರೆ ಕಾಡುಬತ್ತವನ್ನು, ತೆಗೆದುಕೊಳ್ಳಬೇಕು. ಏನೋ ಒಂದು ಧಾನ್ಯವು ನಡೆಯದು, ಸದೃಶವಾದದ್ದೇ ಆಗಬೇಕು. ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆಗೆ, ಅಗ್ನಿಗೆ, ಮಂತ್ರಕ್ಕೆ ಪ್ರತಿನಿಧಿಯಿಲ್ಲ, ಫಲವನ್ನು ಬಯಸಿ ಯಾಗಕ್ಕೆ ಕುಳಿತ ಯಜಮಾನನಿಗೂ ಸಾಮಾನ್ಯವಾಗಿ ಇಲ್ಲ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ನಿರ್ಣಯವನ್ನು ಅವರು ಮಾಡಿದ್ದಾರೆ. ಪ್ರತಿನಿಧಿಯಾಗಿ ತಂದ ದ್ರವ್ಯವೂ ಕೆಟ್ಟುಹೋದರೆ ಮುಂದೆ ತರುವದು ಯಾವದಕ್ಕೆ ಸದೃಶವಾಗಿರಬೇಕು? ಪ್ರತಿನಿಧಿಗಲ್ಲ, ಮುಖ್ಯಕ್ಕೇ ಎಂದು ಸಿದ್ಧಾಂತವು. ಇಲ್ಲವಾದರೆ ಒಂದರಂತೆ ಇನ್ನೊಂದು, ಅದರಂತೆ ಮತ್ತೊಂದು ಎಂದು ಸರಿಯುತ್ತ ಹೋಗಿ ಕೊನೆಗೆ ವ್ರೀಹಿಯ ಗಂಧವೂ ಇಲ್ಲದ ದ್ರವ್ಯವು ವೇದಿಕೆಗೆ ಬಂದು ಕೂಡ್ರುವದು.

ಈ ನ್ಯಾಯವನ್ನು ಸ್ಪೀಕರಿಗೆ ಹಚ್ಚಿ ನೋಡಿದರೆ ಬಹಳ ಸಂಗತಿಗಳು ತಿಳಿಯಾಗುತ್ತವೆ. ದುರಸ್ತಿಗಾರನು ಅಂಗಡಿಯಲ್ಲಿದ್ದ ಯಾವದೋ ಕಾಯಿಲನ್ನು, ಯಾವದೋ ದಪ್ಪದ ಕೋನನ್ನು ಹಚ್ಚಿದರೆ ಸದ್ದು ಬರುವದು ನಿಶ್ಚಯ. ಆದರೆ ಅಲುಗುವ ಭಾಗದ ತೂಕ ಹೆಚ್ಚು ಕಡಿಮೆಯಾದರೆ, ಅಂಚು ಬಿಗಿಯಾದರೆ, ಆ ಸ್ಪೀಕರ ತನಗಾಗಿ ಅಳತೆಮಾಡಿ ಕಟ್ಟಿದ ಪೆಟ್ಟಿಗೆಯೊಡನೆ ಹೊಂದುವದಿಲ್ಲ. ಪೆಟ್ಟಿಗೆಯ ಅಳತೆಗೂ ಸ್ಪೀಕರಿನ ಗುಣಗಳಿಗೂ ಇರುವ ಸಂಬಂಧವನ್ನು ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿಯೂ, ಬಳಿಕ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಗಣಿತದಿಂದ ವಿವರಿಸಿದರು. ಇಂದಿಗೂ ಪೆಟ್ಟಿಗೆ ಮಾಡುವವರು ಅದನ್ನೇ ಆಶ್ರಯಿಸುತ್ತಾರೆ. ಹಾಗಾದರೆ ಸಾದೃಶ್ಯವನ್ನು ಅಳೆಯುವದಕ್ಕೆ ಮಾನವೆಲ್ಲಿ? ಸುದೈವದಿಂದ ಸ್ಟೀರಿಯೋ ಯಂತ್ರಕ್ಕೆ ಜೋಡಿಯುಂಟು. ಒಡೆಯದೆ ಉಳಿದ ಎಡಗಡೆಯ ಪೆಟ್ಟಿಗೆಯೇ ಸಾಕ್ಷಿಯು. ಬಲ್ಲ ದುರಸ್ತಿಗಾರನು ಅದನ್ನೂ ತರಿಸಿಕೊಂಡು, ಒಂದೇ ಹಾಡನ್ನು ಎರಡರಲ್ಲಿಯೂ ನುಡಿಸಿ ನೋಡುತ್ತಾನೆ. ಆದರೆ ಸಾಕ್ಷಿಗೂ ವಯಸ್ಸಾಗಿದೆ! ಅದರ ಅಂಚು ಬಿರುಸಾಗಿದೆ. ಅದರ ನಾದವು 1985ರ ನಾದವಲ್ಲ. ಆಗ ಎರಡರ ಅಂಚನ್ನೂ ಬದಲಿಸಬೇಕೆನ್ನುವರು. ಬೇನೆಯಿಲ್ಲದವನ ಮೇಲೆಯೂ ಕತ್ತಿಯಾಡಿಸಬೇಕೋ? ಅಂಚು ಪುಡಿಯಾಗುತ್ತಿದ್ದರೆ ಆಡಿಸಬೇಕು, ಕಾಲವು ಎರಡಕ್ಕೂ ಒಂದೇ. ಅಂಚು ಗಟ್ಟಿಯಿದ್ದು ಕಾಯಿಲ್ ಮಾತ್ರ ಸುಟ್ಟಿದ್ದರೆ ಎಡಗಡೆಯದನ್ನು ಮುಟ್ಟುವದು ಸಲ್ಲದು; ಸಾಕ್ಷಿಯನ್ನು ಕೊಂದು ವಾದವನ್ನು ಗೆಲ್ಲುವದರಿಂದ ಪ್ರಯೋಜನವಿಲ್ಲ.

ಆದರೂ ನಿಜವಾದ ತೊಡಕು ಇನ್ನೂ ಒಳಗಿದೆ. ಮುಖ್ಯವು ಯಾವದು? ಹಳೆಯ ಸ್ಪೀಕರಿನ ನಾದವೇ ಮುಖ್ಯವೆಂದು ಹಿರಿಯ ಮಗನು ಹಿಡಿದಿದ್ದಾನೆ. ಆದರೆ ತಂದೆಯು ಕೇಳುತ್ತಿದ್ದದ್ದು ಸ್ಪೀಕರನ್ನಲ್ಲ, ಹಾಡನ್ನು. ಸವಾಯಿ ಗಂಧರ್ವರು ಹಾಡಿದರು; ನಿಮಿಷಕ್ಕೆ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷಗಳ ಆಚೀಚೆ ಹಿಡಿಯುವಂತೆ ತಾಸುಗಟ್ಟಲೆಯ ರಾಗವನ್ನು ಅಡಕಿಸಿದರು; ಆ ತಟ್ಟೆಯಿಂದ ಟೇಪಿಗೆ, ಟೇಪಿನಿಂದ ಮನೆಯ ಯಂತ್ರಕ್ಕೆ ಬಂತು. ಸ್ಪೀಕರ ಈ ಸರಣಿಯಲ್ಲಿ ಕೊನೆಯ ಪ್ರತಿನಿಧಿಯು. ಮೀಮಾಂಸಕರ ನಿರ್ಣಯದಂತೆ ದುರಸ್ತಿಗಾರನ ಕಿವಿಯು ಹಳೆಯ ಕೋನಿನ ಕಡೆಗಲ್ಲ, ಹಾಡಿದ ಕಂಠದ ಕಡೆಗೆ ತಿರುಗಿರಬೇಕು. ಹಳೆಯ ಪೆಟ್ಟಿಗೆಯು ಖರ್ಜವನ್ನು ಅತಿಯಾಗಿ ಗುಮ್ಮೆನಿಸುತ್ತಿದ್ದರೆ ಅದು ದೋಷವೇ. ತಂದೆಯ ಕಿವಿಗೆ ಅದು ಒಗ್ಗಿತ್ತೆಂದ ಮಾತ್ರಕ್ಕೆ ಗುಣವಾಗಲಾರದು. ಹೀಗೆ ನೋಡಿದರೆ ಕಿರಿಯ ಮಗನ ಹೊಸ ಜೋಡಿಯು ಕಂಠಕ್ಕೆ ಹೆಚ್ಚು ಸಮೀಪವಾಗಿದ್ದರೂ ಇರಬಹುದು. ಇನ್ನೊಂದು ವಿನೋದವೂ ಇಲ್ಲುಂಟು. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದದ್ದು 1957–58ರ ಸುಮಾರಿಗೆ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಅವರ ಹಾಡಿಕೆಯು ಒಂದೇ ವಾಹಿನಿಯಲ್ಲಿ ಮುದ್ರಿತವಾದದ್ದು. ಎಡಬಲದ ಪೆಟ್ಟಿಗೆಗಳೆರಡೂ ಅದನ್ನೇ ನುಡಿಯುತ್ತವೆ. ಅಂದಮೇಲೆ ಆ ಹಾಡಿಕೆಯ ಮಟ್ಟಿಗೆ ಎಡಗಡೆಯ ಪೆಟ್ಟಿಗೆಯೊಂದೇ ಸಾಕು. ಬಲಗಡೆಯದು ಸುಟ್ಟುದರಿಂದ ಹಾಡಿನ ಒಂದು ಸ್ವರವೂ ಕಳೆದುಹೋಗಿಲ್ಲ!

ಇಲ್ಲಿ ತಾಯಿಯ ಮಾತನ್ನು ಮತ್ತೆ ಕೇಳಬೇಕು. 'ಅವರು ಕೇಳತಿದ್ದ ಹಾಡು' ಎಂಬದು ಒಂದು. 'ಅವರು ಕೇಳತಿದ್ದಂಗ' ಎಂಬದು ಇನ್ನೊಂದು. ಮೊದಲನೆಯದಕ್ಕೆ ಮುಖ್ಯವು ಗಾಯಕನ ಕಂಠ. ಎರಡನೆಯದಕ್ಕೆ ಮುಖ್ಯವು ಆ ಪಡಸಾಲೆಯ ಬೆಳಗು. ಎರಡೂ ಒಂದೇ ವಾಕ್ಯದಲ್ಲಿ ಸೇರಿಕೊಂಡಿರುವದರಿಂದಲೇ ಮಕ್ಕಳಿಬ್ಬರೂ ತಾಯಿಯು ತಮ್ಮ ಪಕ್ಷವೆಂದು ತಿಳಿಯುತ್ತಾರೆ. ಇವೆರಡೂ ವಿರೋಧಿಸಿದಲ್ಲಿ ಯಾವದು ಬಲವತ್ತರವಾದದ್ದು? ಸಂಗೀತಶಾಲೆಯಲ್ಲಾದರೆ, ಆಕಾಶವಾಣಿಯ ನಿಲಯದಲ್ಲಾದರೆ, ಕಂಠವೇ ಬಲವತ್ತರವು. ಅಲ್ಲಿ ಹಳೆಯ ಸ್ಪೀಕರಿನ ಮೋಹಕ್ಕೆ ಸ್ಥಳವಿಲ್ಲ. ಮನೆಯಲ್ಲಿ ಹಾಗಲ್ಲ. ಮನೆಯ ಯಜಮಾನಿಯು ಜೀವಿಸಿರುವ ವರೆಗೆ ಆಕೆಯ ಕಿವಿಗೆ ಯಾವ ನಾದವು ಪತಿಯ ಬೆಳಗನ್ನು ತಂದುಕೊಡುವದೋ ಅದನ್ನು ಕಾಯುವದೇ ಮಕ್ಕಳ ಕರ್ತವ್ಯವೆನ್ನಬೇಕಾಗುತ್ತದೆ, ಅದರಲ್ಲಿ ಖರ್ಜದ ದೋಷವೊಂದಿಷ್ಟು ಇದ್ದರೂ ಸರಿಯೇ. ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬ ನ್ಯಾಯವು ಇಲ್ಲಿ ತನ್ನ ಪೂರ್ಣ ತೀಕ್ಷ್ಣತೆಯಿಂದ ಸಲ್ಲುವದು: ಕೇಳುವವಳ ಬದಲಿಗೆ ಇನ್ನೊಬ್ಬರು ಕೇಳಲಾರರು. ಹಿರಿಯ ಮಗನೇ ಗೆದ್ದನು, ಆದರೆ ತಾನು ಕೊಟ್ಟ ಕಾರಣದಿಂದಲ್ಲ. ಪೆಟ್ಟಿಗೆಯು 'ಅದೇ' ಎಂಬುದಕ್ಕಾಗಿ ಅದನ್ನು ದುರಸ್ತಿ ಮಾಡಿಸುವದಲ್ಲ. ಅದೇ ಅಲ್ಲದಿದ್ದರೂ ಮಾಡಿಸತಕ್ಕದ್ದು.

ದುರಸ್ತಿಯ ಮಾತಿನಲ್ಲಿ ಎಲ್ಲರೂ ಮರೆಯುವ ಸಂಗತಿಯೊಂದಿದೆ. ವೈದ್ಯರು ಚಿಕಿತ್ಸೆಗಿಂತ ಮೊದಲು ನಿದಾನಪರಿವರ್ಜನವನ್ನು ಹೇಳುತ್ತಾರೆ. ರೋಗದ ಕಾರಣವನ್ನು ಬಿಡದೆ ಔಷಧ ತಿಂದರೆ ಏನಾದೀತು? ಗುಂಡಿಯನ್ನು ಕೊನೆಯ ವರೆಗೆ ತಿರುವುವ ಕೈಯು ಮನೆಯಲ್ಲಿದ್ದರೆ ಹೊಸ ಕಾಯಿಲೂ ಸುಡುವದು, ಹೊಸ ಜೋಡಿಯೂ ಸುಡುವದು. ಮನೆಯೊಳಗಿನ ಹತ್ತು ಜನರಿಗಾಗಿ ಮಾಡಿದ ಯಂತ್ರದಿಂದ ಓಣಿಯನ್ನೆಲ್ಲ ತುಂಬಿಸಬೇಕೆಂಬ ಆಶೆಯೇ ಇದರ ಮೂಲ. ಓಣಿಯವರಿಗೂ ನಿದ್ರೆಯುಂಟೆಂದು ತಿಳಿಸಲಿಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಬರಬೇಕಾಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಬಹಿರಂಗದಲ್ಲಿ ಧ್ವನಿವರ್ಧಕವನ್ನು ಬಳಸುವದನ್ನು ಅವು ನಿರ್ಬಂಧಿಸಿವೆ. ಸರಕಾರವು ಹೇಳುವದಕ್ಕಿಂತ ಮುಂಚೆ ಕಾಯಿಲ್ ಸುಟ್ಟು ಹೇಳುತ್ತಿತ್ತು; ಕೇಳಿದವರು ಕಡಿಮೆ.

ದುರಸ್ತಿಯೇ ಯಾವಾಗಲೂ ಸರಿಯೆಂದು ಇದರಿಂದ ಗ್ರಹಿಸಬಾರದು. ಪೆಟ್ಟಿಗೆಯು ಬಿದ್ದು ಅಯಸ್ಕಾಂತವು ತನ್ನ ಸ್ಥಾನದಿಂದ ಸರಿದಿದ್ದರೆ, ಕಬ್ಬಿಣದ ಬುಟ್ಟಿಯು ಸೊಟ್ಟಾಗಿದ್ದರೆ, ಹೊಂದುವ ಕಾಯಿಲ್ ಎಲ್ಲಿಯೂ ದೊರೆಯದಿದ್ದರೆ ಹೊಸದನ್ನು ತರುವದೇ ಯುಕ್ತವು. ಆಗಮಗಳಲ್ಲಿಯೂ ಉಪಾಂಗವು ಭಿನ್ನವಾದ ಮೂರ್ತಿಯನ್ನು ಸರಿಪಡಿಸಲಿಕ್ಕೆ ಅವಕಾಶವಿದ್ದು, ಪ್ರಧಾನ ಅಂಗವು ಹೋದ ಮೂರ್ತಿಯನ್ನು ಬಿಡತಕ್ಕದ್ದೆಂದು ಹೇಳಿದೆ. ಶಿಲೆಯನ್ನು ನೀರಿಗೂ ಮರವನ್ನು ಬೆಂಕಿಗೂ ಒಪ್ಪಿಸುವ ಕ್ರಮವನ್ನೂ ಹೇಳಿದೆ. ಹಳೆಯದನ್ನು ಬಿಡುವದಕ್ಕೂ ಒಂದು ರೀತಿಯುಂಟೆಂದಾಯಿತು. ಈಚಿನ ಸರಕಾರಗಳೂ ವಿದ್ಯುನ್ಮಾನ ಕಸಕ್ಕೆ ನಿಯಮಗಳನ್ನು ಮಾಡಿವೆ. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಆಚರಣೆಗೆ ಬಂದವು. ಊರ ಹೊರಗಿನ ತಿಪ್ಪೆಯಲ್ಲಿ ತಾಮ್ರಕ್ಕಾಗಿ ತಂತಿಯನ್ನು ಸುಡುವ ಹೊಗೆಯು ಮಾತ್ರ ಇನ್ನೂ ಕಾಣುವದುಂಟು.

ಕೊನೆಗೆ ಸತ್ಯದ ಮಾತು ಉಳಿಯಿತು. ದುರಸ್ತಿಯಾದ ಪೆಟ್ಟಿಗೆಯು ಹೊರಗಿನಿಂದ ಹಳೆಯದರಂತೆಯೇ ಕಾಣುವದು. ಒಳಗೆ ಏನು ಬದಲಾಯಿತೆಂದು ನೋಡಿದವರಿಗೆ ತಿಳಿಯದು. ಮುಂದೆ ಮನೆಯವರು ಅದನ್ನು ಮಾರುವ ಪ್ರಸಂಗ ಬಂದರೆ ಮೂಲದ ಕಾಯಿಲೇ ಇದೆಯೆಂದು ಹೇಳುವ ಆಶೆಯಾದೀತು. ದೋಷವಿಲ್ಲದ್ದನ್ನು ತೋರಿಸಿ ದೋಷವಿದ್ದುದನ್ನು ಕೊಟ್ಟವನು ಕ್ರಯದ ಎರಡು ಪಟ್ಟು ಕೊಡಬೇಕು, ಮೇಲೆ ದಂಡವನ್ನೂ ತೆರಬೇಕು ಎಂದು ನಾರದಸ್ಮೃತಿಯಲ್ಲಿದೆ. ಈ ನಾಡಿನ ಹಳೆಯ ಶಾಸನಗಳ ರೀತಿಯು ಇದಕ್ಕಿಂತ ಸೊಗಸಾದದ್ದು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ದೇವಾಲಯಗಳಿಗೆ ಬಿಟ್ಟ ದತ್ತಿಗಳಲ್ಲಿ ದೀಪಕ್ಕೆ, ನೈವೇದ್ಯಕ್ಕೆ ಎಂದು ಹೇಳುವಂತೆಯೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಎಂದೂ ಹೇಳಿ ಭೂಮಿಯನ್ನು ಕೊಡುತ್ತಿದ್ದರು. ಗೋಡೆಗೆ ಬಿರುಕು ಬೀಳುವದಕ್ಕಿಂತ ಮುಂಚೆಯೇ ಬಿರುಕಿನ ಖರ್ಚನ್ನು ಕಲ್ಲಿನಲ್ಲಿ ಬರೆದಿಟ್ಟ ಜನರವರು. ಸ್ಪೀಕರಿಗೆ ಕಲ್ಲು ಬೇಡ. ಪೆಟ್ಟಿಗೆಯ ಹಿಂದಿನ ಹಲಗೆಯನ್ನು ಬಿಚ್ಚಿ, ಒಳಮಗ್ಗುಲಿಗೆ ಒಂದು ಕಾಗದವನ್ನು ಅಂಟಿಸಿ, ಯಾವ ವರ್ಷ ಕೊಂಡದ್ದು, ಯಾರು ಕೊಂಡದ್ದು, ಯಾವ ದಿನ ಯಾವ ಕಾರಣದಿಂದ ಸುಟ್ಟಿತು, ಎಷ್ಟು ಓಮಿನ ಕಾಯಿಲನ್ನು ಹಚ್ಚಲಾಯಿತು, ಎಡಗಡೆಯದನ್ನು ಮುಟ್ಟಿದೆಯೋ ಇಲ್ಲವೋ ಎಂಬಿಷ್ಟನ್ನು ಹಿರಿಯ ಮಗನು ಬರೆದಿಡಲಿ. ಮದುವೆಯ ದಿವಸ ಗುಂಡಿಯನ್ನು ತಿರುವಿದವರ ಹೆಸರನ್ನು ಬೇಕಾದರೆ ಬಿಡಬಹುದು.